ಆಗಲ್ಲ ಅನ್ನದ ಮನೆ

ಅಕ್ಕನನ್ನು ಆ ವೃದ್ಧರ ಹೋಮಿಗೆ ಸೇರಿಸಬಹುದೋ ಇಲ್ಲವೋ ಎಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು, ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ ಎಂಬ ಹೆಸರಿನಿಂದ. ಅಕ್ಕನ ಮಗಳು ಅದನ್ನು ಮುಚ್ಚಿಡಲಿಲ್ಲ. “ನೀವೇ ಹೋಗಿ ನೋಡಿ ಮಾಮ. ನಿಮಗೆ ಸರಿ ಕಂಡ್ರೆ ಇನ್ಯಾರನ್ನೂ ಕೇಳೋ ಹಾಗೇ ಇಲ್ಲ,” ಎಂದಳು.

ಅದು ಹೊಗಳಿಕೆಯಲ್ಲ. ನಾನು ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಅದನ್ನೇ ಕಲಿಸಿ ನಿವೃತ್ತನಾದವನು. ಮೂಟೆಯ ಬಾಯಲ್ಲಿ ಅಂಗಡಿಯವನು ಹರಡಿಟ್ಟ ಅಕ್ಕಿಯನ್ನು ನೋಡುವುದಿಲ್ಲ. ಮೊಣಕೈವರೆಗೆ ಕೈಯಿಳಿಸಿ ಅಡಿಯಿಂದ ಒಂದು ಹಿಡಿ ತೆಗೆದು ನೋಡುತ್ತೇನೆ. ದೇವರಾಜ ಮೊಹಲ್ಲಾದ ಒಬ್ಬ ಅಕ್ಕಿ ವ್ಯಾಪಾರಿ ನನ್ನನ್ನು ಕಂಡರೆ “ಬನ್ನಿ ಸಾರ್, ತೋಳು ಮಡಿಸ್ಕೊಳ್ಳಿ” ಎಂದೇ ಸ್ವಾಗತಿಸುತ್ತಾನೆ.

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಇಲ್ಲಿಗೆ ಬಂದಳು. ಮನೆಯನ್ನೂ ನನ್ನನ್ನೂ ಒಂದು ಹದಕ್ಕೆ ತಂದಳು. ಈಗ ಕೆಲವು ವರ್ಷಗಳಿಂದ ಅವಳಿಗೆ ಮರೆವಿನ ಕಾಯಿಲೆ. ಒಲೆಯ ಮೇಲೆ ಹಾಲಿಟ್ಟು ಬೀದಿಗೆ ಹೋಗಿಬಿಡುತ್ತಿದ್ದಳು. ಒಮ್ಮೆ ಮಾರ್ಕೆಟ್ಟಿನ ಹತ್ತಿರ ಹೂವಿನವಳ ಪಕ್ಕದಲ್ಲಿ ಕೂತು, ತಾನೂ ಅಂಗಡಿಯವಳೇ ಎಂಬಂತೆ ಮೊಳ ಹಾಕುತ್ತಿದ್ದವಳನ್ನು ಕರೆದುಕೊಂಡು ಬಂದೆವು. ನೋಡಿಕೊಳ್ಳಲು ಬಂದ ಆಯಾಗಳನ್ನು ಒಬ್ಬೊಬ್ಬರನ್ನಾಗಿ ಕಳ್ಳಿಯರೆಂದು ಓಡಿಸಿದಳು. ಅನುಮಾನ ನಮ್ಮ ವಂಶದ ಗುಣ. ಮಗಳ ಮನೆ ಸಿದ್ಧಾರ್ಥನಗರದಲ್ಲಿ. ಅಲ್ಲಿ ಹಾಸಿಗೆ ಹಿಡಿದ ಅತ್ತೆ, ಇವಳಿಗೆ ಬ್ಯಾಂಕಿನ ಕೆಲಸ. ಹಾಗಾಗಿ ಹೋಮಿನ ಮಾತು ಬಂತು.

ಅಕ್ಕನಿಗೆ ಸಂಜೆಯಾದರೆ ಒಂದೇ ಪ್ರಶ್ನೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತು, “ನಿಮ್ಮ ಭಾವ ಇನ್ನೂ ಬರ್ಲಿಲ್ವೇನೋ?” ಎನ್ನುವಳು. ಸುಳ್ಳು ಹೇಳುವುದು ನನ್ನಿಂದಾಗದು. “ಭಾವ ತೀರಿಕೊಂಡು ಬಹಳ ವರ್ಷ ಆಯ್ತು ಅಕ್ಕ,” ಎನ್ನುತ್ತಿದ್ದೆ. ಅವಳಿಗೆ ಆ ಸುದ್ದಿ ಪ್ರತಿ ಸಂಜೆಯೂ ಹೊಸದು. ಗೋಡೆಗೆ ಒರಗಿ ಅಳುವಳು. ಅದನ್ನು ಒಂದು ದಿನ ಕಣ್ಣಾರೆ ಕಂಡ ಮಗಳು ನನ್ನನ್ನು ಅಡುಗೆಮನೆಗೆ ಕರೆದು, “ದಿನಾ ದಿನಾ ಅಪ್ಪನ್ನ ಸಾಯಿಸ್ತೀರಲ್ಲ ಮಾಮ,” ಎಂದಳು. ನಿಜವನ್ನೇ ಹೇಳಿದೆನಲ್ಲ ಎಂದೆ. “ನಿಜ ಯಾರಿಗೆ ಬೇಕಿತ್ತು?” ಎಂದಳು.

ನನಗೆ ಬೇಕಿತ್ತು. ಯಾಕೆಂದರೆ ಆ ಹೊತ್ತಿಗೆ ನನ್ನ ನೆನಪೂ ಸಡಿಲವಾಗಿದೆ ಎಂಬ ಭಯ ಶುರುವಾಗಿತ್ತು. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ನಿಲ್ಲುವುದು, ಒಂದೇ ಕೊಠಡಿಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದ ಗೆಳೆಯನ ಹೆಸರು ನಾಲಿಗೆಯ ತುದಿಗೂ ಬಾರದಿರುವುದು. ಅಕ್ಕನನ್ನು ನೋಡುವ ಡಾಕ್ಟರು ನನ್ನನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿ, “ವಯಸ್ಸಿಗೆ ತಕ್ಕಷ್ಟು ಮರೆವು, ಅಷ್ಟೇ,” ಎಂದರು. ತಕ್ಕಷ್ಟು ಎಂದರೆ ಸರಾಸರಿ. ಸರಾಸರಿಯ ಹೊಟ್ಟೆಯೊಳಗೆ ಏನೇನು ಅಡಗಿ ಕೂತಿರುತ್ತದೆ ಎಂದು ನನಗೆ ಗೊತ್ತು.

ಹೋಮ್ ಇದ್ದದ್ದು ಊರಿನ ಆಚೆ ಅಂಚಿನಲ್ಲಿ, ರಿಂಗ್ ರಸ್ತೆಗೆ ಸಮೀಪ. ಯಾರೋ ದೊಡ್ಡ ಸಂಸಾರಕ್ಕೆಂದು ಕಟ್ಟಿಸಿ ಬಾಡಿಗೆಗೆ ಕೊಟ್ಟ ಮಹಡಿ ಮನೆ. ಮೊದಲ ಸಲ ಫೋನ್ ಮಾಡಿಯೇ ಹೋದೆ. ಗೇಟಿನವನು ನಗುನಗುತ್ತಾ ಬಾಗಿಲು ತೆಗೆದ. ನೆಲ ಹೊಳೆಯುತ್ತಿತ್ತು, ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಫಿನಾಯಿಲ್ ಇಷ್ಟು ಸುರಿದಿದ್ದಾರೆಂದರೆ ಅದರ ಕೆಳಗೆ ಇನ್ನೊಂದು ವಾಸನೆ ಇದ್ದಿರಬೇಕು ಎಂದುಕೊಂಡೆ. ಹಾಲ್‌ನಲ್ಲಿ ಗೋಡೆಗುಂಟ ಕುರ್ಚಿಗಳು, ಕುರ್ಚಿಗಳಲ್ಲಿ ಹೆಂಗಸರು. ಎಲ್ಲರ ಜಡೆಯಲ್ಲೂ ಒಂದೇ ಅಳತೆಯ ಮಲ್ಲಿಗೆ. ಎಲ್ಲರ ಹಣೆಯಲ್ಲೂ ಕುಂಕುಮ. ಒಂದೇ ಗಾತ್ರ, ಒಂದೇ ಜಾಗ, ಅಚ್ಚೊತ್ತಿದ ಹಾಗೆ.

ಹೋಮ್ ನಡೆಸುವ ಹೆಂಗಸು ನಂಜನಗೂಡಿನ ಕಡೆಯ ಒಕ್ಕಲು ಮನೆತನದವರು, ನರ್ಸಿಂಗ್ ಓದಿದವರು. ದೊಡ್ಡ ದನಿ, ದೊಡ್ಡ ನಗು. ನಾನು ಕೇಳಿದೆ, “ಇಷ್ಟು ಜನರಲ್ಲಿ ಎಲ್ಲರ ಯಜಮಾನರೂ ಇದ್ದಾರಾ?”

“ಎಲ್ಲಿ ಅವ್ರೆ ಸಾರ್, ಮುಕ್ಕಾಲು ಪಾಲು ಜನಕ್ಕೆ ಇಲ್ಲ.”

“ಮತ್ತೆ ಕುಂಕುಮ?”

“ಬೇಕು ಅಂತಾರೆ, ಇಡ್ತೀವಿ. ಬೇಡ ಅಂದೋರಿಗೆ ಇಡಲ್ಲ ಬುಡಿ.”

ಬೇಡ ಅಂದವರು ಒಬ್ಬರಾದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ನನ್ನ ಸಂಕಟ ಹೇಳಬೇಕು. ವಿಧವೆಯರು ಕುಂಕುಮ ಇಡಬಾರದೆಂಬ ಕಟ್ಟಳೆಯನ್ನು ನಾನು ಒಪ್ಪುವವನಲ್ಲ. ಅರಮನೆಯ ಚಾಕರಿಯಲ್ಲಿದ್ದ ಕಾಲದಿಂದ ನಮ್ಮ ಮನೆತನ ಅಂಥ ಕಟ್ಟಳೆಗಳನ್ನು ಜೋಪಾನ ಮಾಡಿಕೊಂಡು ಬಂದಿತ್ತು. ಭಾವನ ವೈಕುಂಠ ಸಮಾರಾಧನೆಯ ದಿನ ನಮ್ಮ ಸೋದರತ್ತೆಯಂದಿರ ಜೊತೆ ನಾನು ಇದೇ ವಿಷಯಕ್ಕೆ ಜಗಳವಾಡಿದ್ದೆ, ಸೋತಿದ್ದೆ. ಆ ಸೋಲು ನನ್ನ ನೆನಪಿನಲ್ಲಿ ಸ್ಪಷ್ಟವಾಗಿತ್ತು: ಊಟದ ಎಲೆಗಳ ನಡುವೆ ನಿಂತ ನಾನು, ಮೂಲೆಯಲ್ಲಿ ಬೋಳು ಹಣೆಯ ಅಕ್ಕ. ಆದರೂ ಇಲ್ಲಿಯ ಕುಂಕುಮ ನನಗೆ ಹಿಡಿಸಲಿಲ್ಲ. ಇದು ಹಕ್ಕಿನ ಕುಂಕುಮವಲ್ಲ, ಸುಳ್ಳಿನ ಕುಂಕುಮ ಎನ್ನಿಸಿತು. ಗಂಡ ಇಲ್ಲವೆಂಬುದನ್ನೇ ಮರೆತವಳ ಹಣೆಗೆ ಬೊಟ್ಟಿಟ್ಟು, ಬರ್ತಾರೆ ಕೂತ್ಕೊಳಮ್ಮ ಎಂದು ಸುಮ್ಮನಾಗಿಸುವ ಉಪಾಯ. ನೋಡಲು ಬಂದವರಿಗೂ ಲಕ್ಷಣ.

ನನ್ನ ಪ್ರಶ್ನೆಗಳನ್ನು ಶುರುಮಾಡಿದೆ. ಅಕ್ಕನಿಗೆ ಈರುಳ್ಳಿ ಆಗದು. “ಅಂಗೇ ಮಾಡ್ಬುಡೋಣ ಬುಡಿ ಸಾರ್.” ಕಾಫಿಗೆ ಚಿಕೋರಿ ಬೇಡ. “ಮಾಡ್ಬುಡೋಣ.” ಉಪ್ಪು ಕಡಿಮೆ ಇರಬೇಕು. “ಆಯ್ತು ಸಾರ್.” ಆದರೆ ಊಟಕ್ಕೆ ಉಪ್ಪಿನಕಾಯಿ ತಪ್ಪಬಾರದು. “ತಪ್ಪಲ್ಲ ಬುಡಿ.” ಅಲ್ಲಿಗೆ ನನಗೆ ಅನುಮಾನ ಗಟ್ಟಿಯಾಯಿತು. ಬಲೆ ಬೀಸೋಣವೆಂದು, “ಆಕೆಗೆ ಒಂದು ಬೆಕ್ಕು ಜೊತೆಯಲ್ಲಿರಬೇಕು,” ಎಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಅಕ್ಕನಿಗೆ ಬೆಕ್ಕು ಕಂಡರಾಗದು.

“ಬರ್ಲಿ ಸಾರ್, ಇಲಿನೂ ಅವೆ,” ಎಂದರು ಆಕೆ.

ಹೊರಗೆ ಬಂದು ಅಕ್ಕನ ಮಗಳಿಗೆ ಫೋನ್ ಮಾಡಿ ವರದಿ ಒಪ್ಪಿಸಿದೆ. ಎಲ್ಲದಕ್ಕೂ ಆಗಲಿ ಎನ್ನುವವರು ಏನನ್ನೂ ಮಾಡುವವರಲ್ಲ. ಉತ್ತರ ಒಂದೇ ಆದರೆ ಪ್ರಶ್ನೆಗಳನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದರ್ಥ. ಒಳ್ಳೆಯ ಹೋಮ್ ಒಂದು ಸಲವಾದರೂ ಆಗಲ್ಲ ಅನ್ನಬೇಕು.

“ಆಗಲ್ಲ ಅಂದಿದ್ರೆ ಇವರಿಗೆ ಕನಿಕರ ಇಲ್ಲ ಅಂತಿದ್ರಿ,” ಎಂದಳು ಅವಳು. “ನಿಮ್ಮ ಪರೀಕ್ಷೇಲಿ ಪಾಸಾಗೋ ಹೋಮು ಈ ಊರಲ್ಲಿ ಇನ್ನೂ ಕಟ್ಟಿಲ್ಲ ಮಾಮ.”

ಎರಡನೆಯ ಸಲ ಹೇಳದೆ ಕೇಳದೆ ಮಧ್ಯಾಹ್ನ ಹೋದೆ. ಮೂಟೆಯ ಅಡಿಯ ಅಕ್ಕಿ ಸಿಗುವುದು ಆಗಲೇ. ಗೇಟಿನವನು ಈ ಸಲ ನಗಲಿಲ್ಲ. “ಮೇಡಂನ ಕೇಳ್ಬೇಕು” ಎಂದು ಬಿಸಿಲಲ್ಲಿ ನಿಲ್ಲಿಸಿದ. ಒಳಗೆ ಏನನ್ನು ಸರಿಪಡಿಸುತ್ತಿರಬಹುದು ಎಂದು ಕಾಂಪೌಂಡಿನ ಮೇಲಿಂದ ಇಣುಕಿದೆ. ಕಂಡದ್ದು ಒಣಗಲು ಹಾಕಿದ ಲಂಗಗಳು. ಒಳಗೆ ಬಿಟ್ಟಾಗ ಹಾಲ್ ತುಂಬ ಎಲ್ಲರೂ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಟೀವಿಯಲ್ಲಿ ಧಾರಾವಾಹಿ ತನ್ನಷ್ಟಕ್ಕೆ ಅಳುತ್ತಿತ್ತು.

“ಮಾತ್ರೆ ಏನಾದ್ರೂ ಕೊಡ್ತೀರಾ ಇವರಿಗೆ, ನಿದ್ದೆಗೆ?”

“ಮುದ್ದೆ ಕೊಡ್ತೀವಿ ಸಾರ್,” ಎಂದರು ಆಕೆ. “ಸೊಪ್ಪಿನ ಸಾರು, ಮುದ್ದೆ. ಉಂಡ್ಮೇಲೆ ನಿಮಗೆ ಬರಲ್ವಾ ನಿದ್ದೆ?”

ಬರುತ್ತದೆ. ಆದರೂ ಔಷಧದ ಚೀಟಿಗಳನ್ನು ತೋರಿಸಿ ಎಂದೆ. ಬೇರೆಯವರ ಚೀಟಿ ತೋರಿಸೋದು ಸರಿಯಲ್ಲ, ನಿಮ್ಮ ಅಕ್ಕ ಬಂದರೆ ಅವರದ್ದು ದಿನಾ ನೋಡಿ ಎಂದರು. ಇದು ನ್ಯಾಯವೋ ಜಾರಿಕೆಯೋ ತಿಳಿಯಲಿಲ್ಲ. ತೂಕಡಿಸುತ್ತಿದ್ದವರ ಉಗುರುಗಳನ್ನು ಬಗ್ಗಿ ನೋಡಿದೆ. ಒಬ್ಬರವು ಬೆಳೆದಿದ್ದವು, ಉಳಿದವರವು ಕತ್ತರಿಸಿದ್ದವು. ಬೆಳೆದ ಉಗುರಿನ ಮುದುಕಿ ಕಣ್ಣು ಬಿಟ್ಟು ನನ್ನನ್ನು ನೋಡಿ, “ಬಳೆಯವನಾ?” ಎಂದಳು.

ಆಮೇಲೆ ಒಂದು ಸಂಗತಿ ನಡೆಯಿತು. ಮೊದಲ ಸಲ ಬಂದಾಗ ಹಾಲ್‌ನ ಗಡಿಯಾರ ಬಾಗಿಲಿನ ಬಲಕ್ಕಿತ್ತು. ಈಗ ಎಡಕ್ಕಿತ್ತು. ಯಾಕೆ ಜಾಗ ಬದಲಾಯಿಸಿದಿರಿ ಎಂದು ಕೇಳಿದೆ. ಆಕೆ ಗಡಿಯಾರವನ್ನೂ ನನ್ನನ್ನೂ ನೋಡಿ, “ಬದಲಾಯಿಸ್ಬೇಕಾ ಸಾರ್? ಬದಲಾಯಿಸ್ಬುಡೋಣ ಬುಡಿ,” ಎಂದರು. ಆ ಗೋಡೆಯ ಬಲಭಾಗದಲ್ಲಿ ಮೊಳೆ ಹೊಡೆದ ಗುರುತು ಕೂಡ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪರೀಕ್ಷೆಯ ಬುಡವೇ ಅಲುಗಿತು. ಅನುಮಾನಕ್ಕೆ ಗಟ್ಟಿ ನೆನಪು ಬೇಕು. ನಿನ್ನೆ ಏನಿತ್ತು ಎಂದು ಖಚಿತವಿಲ್ಲದವನು ಇವತ್ತು ಏನು ಬದಲಾಯಿತು ಎಂದು ಯಾರ ಮೇಲೆ ಆರೋಪ ಹೊರಿಸಬೇಕು?

ಮಗಳು ಇನ್ನೊಂದು ದಾರಿ ಹೇಳಿದಳು. ಒಂದು ದಿನದ ಮಟ್ಟಿಗೆ ಅಕ್ಕನನ್ನು ಬಿಟ್ಟು ನೋಡುವುದು. ಬೆಳಿಗ್ಗೆ ಆಟೋದಲ್ಲಿ ಕರೆದುಕೊಂಡು ಹೋಗಿ ಬಿಟ್ಟೆ. ಅಕ್ಕ ಯಾರದೋ ಮನೆಯ ಸೀಮಂತಕ್ಕೆ ಬಂದವಳಂತೆ ಒಳಗೆ ಹೋದಳು. ದಿನವಿಡೀ ನಾನು ಮನೆಯಲ್ಲಿ ಕೂರಲೂ ಇಲ್ಲ, ನಿಲ್ಲಲೂ ಇಲ್ಲ.

ಅವರೆಕಾಯಿಯ ಕಾಲ ಅದು. ಸಂಜೆ ನಾನು ಹೋದಾಗ ಹಾಲ್‌ನ ನಡುವೆ ಮೊರಗಳನ್ನು ಹರವಿ ಹೆಂಗಸರೆಲ್ಲ ಕಾಯಿ ಬಿಡಿಸುತ್ತಿದ್ದರು. ಬಿಟ್ಟಿ ಚಾಕರಿ ಎಂದು ಮನಸ್ಸು ಕೂಡಲೇ ಹೇಳಿತು. ಅಕ್ಕ ಮಧ್ಯದಲ್ಲಿ ಕೂತು, ಪಕ್ಕದವಳಿಗೆ, “ಸೊಗಡು ಇಲ್ಲ ಕಣೇ ಈ ಕಾಯೀಲಿ. ಯಾರೇ ತಂದಿದ್ದು?” ಎಂದು ದಬಾಯಿಸುತ್ತಿದ್ದಳು. ನನ್ನ ಕಡೆ ತಿರುಗಿದಳು. ಹಣೆಯ ನಡುವೆ ಕೆಂಪು ಬೊಟ್ಟು.

ನಡೆಸುವಾಕೆಯನ್ನು ಪಕ್ಕಕ್ಕೆ ಕರೆದು, “ಇವತ್ತೊಂದು ದಿನಕ್ಕೆ ಬಂದವರಿಗೂ ಇಟ್ಟುಬಿಟ್ರಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದೆ. ನನ್ನ ದನಿ ನನಗೇ ನಮ್ಮ ಅತ್ತೆಯಂದಿರ ದನಿಯಂತೆ ಕೇಳಿಸಿತು.

“ನಾವ್ ಇಟ್ಟಿಲ್ಲ ಸಾರ್. ಬರ್ತಾನೇ ಇತ್ತು.”

“ಇರಲಿಲ್ಲ. ನಾನೇ ಕರ್ಕೊಂಡು ಬಂದದ್ದು.”

“ನಾವ್ ಇಡೋದು ಕುಂಕುಮ. ಅದು ಸ್ಟಿಕ್ಕರು, ನೋಡಿ ಬೇಕಾರೆ.” ಆಕೆ ನಗುತ್ತಿರಲಿಲ್ಲ.

ಅಕ್ಕನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಸ್ಟಿಕ್ಕರ್ ನಿಜ. ಅಂಚು ಸ್ವಲ್ಪ ಎದ್ದಿತ್ತು. “ಏನೋ ಹಾಗೆ ನೋಡ್ತೀಯ, ನನ್ನ ಮುಖ ಈಗ ತಾನೇ ಕಂಡೋನ ಹಾಗೆ,” ಎಂದಳು ಅಕ್ಕ. ಸುತ್ತಲಿದ್ದವರು ನಕ್ಕರು. ಬೇರೆ ಯಾರದೋ ಬೊಟ್ಟನ್ನು ಕಿತ್ತು ಅಂಟಿಸಿದ್ದಾರೆ ಎಂದುಕೊಂಡು ಅಕ್ಕನನ್ನು ಆಟೋ ಹತ್ತಿಸಿದೆ.

ಮನೆಗೆ ಬಂದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಬೇಸಿನ್ನಿನ ಮೇಲೆ ಮರದ ಚೌಕಟ್ಟಿನ ಒಂದು ಹಳೆಯ ಕನ್ನಡಿ. ದಿನಾ ಬೆಳಿಗ್ಗೆ ನಾನು ಗಡ್ಡ ಕೆರೆದುಕೊಳ್ಳುವುದು ಅದರಲ್ಲೇ. ಕನ್ನಡಿಯ ಎಡ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಬೊಟ್ಟುಗಳಿದ್ದವು. ಕೆಂಪು, ಕಡುಗೆಂಪು, ಒಂದು ಹಸಿರು. ಸ್ನಾನಕ್ಕೆ ಮುಂಚೆ ಹಣೆಯಿಂದ ತೆಗೆದು ಕನ್ನಡಿಗೆ ಅಂಟಿಸಿ, ಆಮೇಲೆ ಮತ್ತೆ ಇಟ್ಟುಕೊಳ್ಳಲು ಹೆಂಗಸರು ಮಾಡುವ ಹಾಗೆ. ಕೆಲವು ಎಷ್ಟು ಹಳೆಯವೆಂದರೆ ಸೋಪಿನ ನೊರೆ ಒಣಗಿ ಬೆಳ್ಳಗಾಗಿದ್ದವು. ಅದು ನನ್ನ ಗಡ್ಡದ ನೊರೆ.

ಮಗಳಿಗೆ ಫೋನ್ ಮಾಡಿದೆ. “ನಿಮ್ಮಮ್ಮ ಬೊಟ್ಟು ಇಡೋಕೆ ಶುರುಮಾಡಿದ್ದು ಯಾವಾಗ?”

“ಬಿಟ್ಟಿದ್ದು ಯಾವಾಗ ಮಾಮ?”

“ಭಾವನ ವೈಕುಂಠದ ದಿನ. ನಾನು ಅತ್ತೆಯಂದಿರ ಹತ್ತಿರ ಜಗಳ ಆಡಿ ಸೋತೆನಲ್ಲ.”

“ನೀವು ಸೋಲಲಿಲ್ಲ ಮಾಮ. ನೀವು ಕೂಗಾಡಿ ಊಟ ಬಿಟ್ಟು ಎದ್ದು ಹೋದ್ರಿ. ಆಮೇಲೆ ಅಮ್ಮ ಹೇಳಿದ್ರು, ಕುಂಕುಮ ಬೇಡ ಅಂತೀರಿ, ಬಿಡಿ, ಸ್ಟಿಕ್ಕರ್ ಇಟ್ಕೋತೀನಿ, ಅದರ ವಿಷಯ ಶಾಸ್ತ್ರದಲ್ಲಿ ಎಲ್ಲೂ ಬರೆದಿಲ್ಲ ಅಂತ. ನಿಮ್ಮ ದೊಡ್ಡತ್ತೆಗೂ ನಗು ಬಂದ್ಬಿಡ್ತು. ಅವತ್ತಿಂದ ಒಂದಿನ ತಪ್ಪಿಸಿಲ್ಲ.”

ಬೋಳು ಹಣೆಯ ಅಕ್ಕ ಮೂಲೆಯಲ್ಲಿ ನಿಂತದ್ದು ನನಗೆ ಈಗಲೂ ಕಾಣುತ್ತದೆ. ಅದನ್ನು ನಾನು ಎಲ್ಲಿಂದ ತಂದುಕೊಂಡೆನೋ ತಿಳಿಯದು. ಎದುರಿಗೆ ಕೂತು ಇಷ್ಟು ವರ್ಷ ಊಟ ಮಾಡಿದ ಮುಖವನ್ನು ಬಿಟ್ಟು ಆ ಚಿತ್ರವನ್ನೇ ನೋಡುತ್ತಿದ್ದೆ. ಹೋಮಿನ ಹೆಂಗಸರ ಹಣೆಯನ್ನೆಲ್ಲ ತಪಾಸಣೆ ಮಾಡಿ ಬಂದಿದ್ದೆ.

ದೀಪ ಹಚ್ಚುವ ಹೊತ್ತಾಗಿತ್ತು. ಅಕ್ಕ ಬಾಗಿಲಲ್ಲಿ ನಿಂತು, “ನಿಮ್ಮ ಭಾವ ಇನ್ನೂ ಬರ್ಲಿಲ್ವೇನೋ?” ಎಂದಳು.

“ಇಲ್ಲ,” ಎಂದೆ. “ಬರಲಿಲ್ಲ.”

“ಕಾಫಿ ಆರಿಹೋಗತ್ತೆ,” ಎಂದು ಒಳಗೆ ಹೋದಳು. ಅಳಲಿಲ್ಲ. ನಾನು ಹೇಳಿದ ಮಾತಿನಲ್ಲಿ ಸುಳ್ಳು ಎಲ್ಲಿದೆಯೆಂದು ಬಹಳ ಹೊತ್ತು ಹುಡುಕಿದೆ.

ಮಾರನೆಯ ಬೆಳಿಗ್ಗೆ ಬಚ್ಚಲ ಬಾಗಿಲ ಹತ್ತಿರ ಕಾದು ನೋಡಿದೆ. ಯಾವ ವಾರ, ಯಾವ ತಿಂಗಳು ಎಂದು ತಿಳಿಯದ ಅಕ್ಕ ಸ್ನಾನ ಮುಗಿಸಿ, ಕನ್ನಡಿಯ ಅಂಚಿನಿಂದ ಒಂದು ಬೊಟ್ಟನ್ನು ಉಗುರಿನಲ್ಲಿ ಎಬ್ಬಿಸಿ ನೇರ ಹಣೆಯ ನಡುವೆ ಇಟ್ಟಳು. ಮತ್ತೆರಡು ದಿನ ನೋಡಿದೆ, ಹಾಗೆಯೇ. ಕೋಣೆಯ ಬೀರುವಿನ ಕನ್ನಡಿಗೆ ನಾನು ಬೊಟ್ಟುಗಳನ್ನು ಅಂಟಿಸಿ ಅವಳನ್ನು ನಿಲ್ಲಿಸಿ ನೋಡಿದೆ. ಸುಮ್ಮನೆ ನಿಂತಳು, ಆಮೇಲೆ ತಿರುಗಿ ಹೊರಟುಹೋದಳು. ಆ ಕೆಲಸ ಅವಳಿಗೆ ನೆನಪಿರುವುದು ಈ ಕನ್ನಡಿಯ ಮುಂದೆ ಮಾತ್ರ.

ಇಷ್ಟರಲ್ಲಿ ಅಕ್ಕ ಒಂದು ದಿನ ಗ್ಯಾಸ್ ತಿರುಗಿಸಿ ಹಚ್ಚದೆ ಬಿಟ್ಟಳು. ಅಥವಾ ನಾನೇ ಬಿಟ್ಟೆನೋ. ಇಬ್ಬರಲ್ಲಿ ಯಾರೆಂದು ಹೇಳಲಾಗದಿದ್ದದ್ದೇ ನನ್ನನ್ನು ಹೆದರಿಸಿತು. ಕನ್ನಡಿಯನ್ನು ಗೋಡೆಯಿಂದ ಬಿಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ, ಹೋಮಿಗೆ ತೆಗೆದುಕೊಂಡು ಹೋದೆ. ಅಕ್ಕನನ್ನು ಸೇರಿಸುತ್ತೇನೆ, ಆದರೆ ಇದು ಅವಳ ಕೋಣೆಯಲ್ಲಿ ಇರಬೇಕು ಎಂದೆ. ಮಾಡ್ಬುಡೋಣ ಬುಡಿ ಎಂಬ ಉತ್ತರ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು.

“ಅದೊಂದು ಆಗಲ್ಲ ಸಾರ್,” ಎಂದರು ಆಕೆ.

ಯಾಕೆ ಎಂದೆ. ಬೆಕ್ಕಾದರೆ ಬರಬಹುದು, ಕನ್ನಡಿ ಯಾಕಾಗದು ಎಂದೆ.

“ಬೆಕ್ಕು ಒಡದೋಗಲ್ಲ ಸಾರ್. ಒಂದ್ಸಲ ಒಬ್ಬಮ್ಮ, ಕನ್ನಡಿಯೊಳಗೆ ಯಾವಳೋ ಮುದುಕಿ ಬಂದು ಕೂತವಳೆ, ನನ್ನ ಸೀರೆ ಉಟ್ಕೊಂಡವಳೆ ಅಂತ ಚೊಂಬಲ್ಲಿ ಹೊಡ್ದ್ಬುಟ್ರು. ಕೈಯೆಲ್ಲಾ ಕುಯ್ಕೊಂಡ್ಬುಟ್ರು. ಅವತ್ತಿಂದ ಈ ಮನೇಲಿ ಎಲ್ಲೂ ಕನ್ನಡಿ ಇಲ್ಲ. ನೀವು ನೋಡಿಲ್ವಾ?”

ನೋಡಿರಲಿಲ್ಲ. ಉಗುರು ನೋಡಿದ್ದೆ, ಗಡಿಯಾರ ನೋಡಿದ್ದೆ. ಇಡೀ ಮನೆಯಲ್ಲಿ ಒಂದು ಕನ್ನಡಿಯೂ ಇಲ್ಲದ್ದು ಕಂಡಿರಲಿಲ್ಲ. ಅಚ್ಚೊತ್ತಿದಂಥ ಕುಂಕುಮಕ್ಕೆ ಕಾರಣ ಆಗ ಹೊಳೆಯಿತು: ಕನ್ನಡಿಯಿಲ್ಲದ ಮನೆಯಲ್ಲಿ ಎಲ್ಲರಿಗೂ ಒಂದೇ ಕೈ ಇಡಬೇಕು. ಆದರೂ ಬಿಡಲಿಲ್ಲ. ಅಕ್ಕ ಅಂಥವಳಲ್ಲ ಎಂದೆ, ಬರೆದುಕೊಡುತ್ತೇನೆ ಎಂದೆ, ಬೇರೆ ಹೋಮ್ ನೋಡುತ್ತೇನೆ ಎಂದೂ ಹೇಳಿದೆ.

“ನೋಡಿ ಸಾರ್. ನಿಮ್ಮಕ್ಕ ಬರ್ದೇ ಇದ್ರೂ ಚಿಂತಿಲ್ಲ, ರೂಮಲ್ಲಿ ಕನ್ನಡಿ ಇಡಂಗಿಲ್ಲ.” ಆಮೇಲೆ ಪಂಚೆ ಬಿಚ್ಚಿ ಕನ್ನಡಿಯ ಅಂಚನ್ನು ಬೆರಳಿನಿಂದ ಸವರಿ, “ಆಪೀಸಲ್ಲಿ ನನ್ನ ಕುರ್ಚಿ ಹಿಂದೆ ತಗಲಾಕ್ತೀನಿ. ಸ್ನಾನ ಆದ್ಮೇಲೆ ಒಬ್ರು ಕರ್ಕೊಂಡು ಬರ್ತಾರೆ. ಇಟ್ಕೊಂಡು ಹೋಗ್ಲಿ,” ಎಂದರು.

ಆ ಮಾತಿನ ಮೇಲೆ ಅಕ್ಕನನ್ನು ಸೇರಿಸಿದೆ. ಮೊದಲ ಸಲ ಒಬ್ಬರು ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡು ಉತ್ತರ ಕೊಟ್ಟಿದ್ದರು. ಆದರೆ ಹಿಂದಿರುಗುವ ದಾರಿಯಲ್ಲೇ ಇನ್ನೊಂದು ಯೋಚನೆ ತಲೆಯೆತ್ತಿತು. ಇವನಿಗೆ ಆಗಲ್ಲ ಅಂದರೆ ನಂಬಿಕೆ ಬರುತ್ತದೆ ಎಂದು ಆಕೆ ಮೊದಲೇ ಕಂಡುಕೊಂಡಿದ್ದರೆ?

ಈಗ ಹೊತ್ತುಗೊತ್ತಿಲ್ಲದೆ ಹೋಗುತ್ತೇನೆ. ಮೊದಲು ಆಫೀಸಿನ ಗೋಡೆ ನೋಡುತ್ತೇನೆ. ಕನ್ನಡಿಯ ಅಂಚಿನಿಂದ ಒಂದು ಬೊಟ್ಟು ಎದ್ದಿರಬೇಕು, ಅದು ಅಕ್ಕನ ಹಣೆಯಲ್ಲಿ ಇರಬೇಕು. ಇರುತ್ತದೆ. ಮನೆಯಲ್ಲಿ ಬೇರೆ ಕನ್ನಡಿ ತಂದಿಲ್ಲ; ಬೇಸಿನ್ನಿನ ಮೇಲೆ ಕನ್ನಡಿಯಿದ್ದ ಬಿಳಿಚಿಕೊಂಡ ಚೌಕದ ಮುಂದೆ ನಿಂತು ಅಂದಾಜಿನಲ್ಲಿ ಗಡ್ಡ ಕೆರೆದುಕೊಳ್ಳುತ್ತೇನೆ. “ಕಿವಿ ಹತ್ರ ಬಿಟ್ಬಿಟ್ಟಿದೀಯ ಕಣೋ,” ಎಂದು ಹೋಮಿಗೆ ಹೋದಾಗ ಅಕ್ಕ ಹೇಳುತ್ತಾಳೆ. ಅವಳ ಕಣ್ಣಿಗೆ ಅದು ತಪ್ಪುವುದಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ, ಇವತ್ತು ಯಾವ ಬಣ್ಣದ್ದಿತ್ತು? ಕೆಂಪು. ಸ್ವಲ್ಪ ದೂರ ಬರುವಷ್ಟರಲ್ಲಿ ಅದು ಕಡುಗೆಂಪಾಗುತ್ತದೆ. ಒಂದೆರಡು ಸಲ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ಹೋದದ್ದುಂಟು. ಗೇಟಿನವನಿಗೆ ಈಗ ನನ್ನ ಅಭ್ಯಾಸ ಗೊತ್ತು.

“ಏನ್ ಸಾರ್, ಏನಾದ್ರೂ ಮರ್ತ್ಬುಟ್ರಾ?” ಎನ್ನುತ್ತಾನೆ.

“ನೋಡ್ಬೇಕು,” ಎಂದು ಒಳಗೆ ಹೋಗುತ್ತೇನೆ.